ತುರ್ತು ಸನ್ನದ್ಧತೆ: ಬೆಂಕಿ ಆರಿಸಿದ ನೀರು ಎಲ್ಲಿಗೆ ಹೋಗುತ್ತದೆ?

ಸೋರಿಕೆ, ಬೆಂಕಿ, ನೆರೆಯಂಥ ಅವಘಡ ಸಂಭವಿಸಿದಾಗ ಸುತ್ತಲಿನ ಮಣ್ಣು, ನೀರು, ಗಾಳಿ ಕೆಡದಂತೆ ಕಂಪನಿಯೊಂದು ಮೊದಲೇ ಮಾಡಿಟ್ಟುಕೊಳ್ಳುವ ಏರ್ಪಾಡೇ ತುರ್ತು ಸನ್ನದ್ಧತೆ. ಪರಿಸರ ನಿರ್ವಹಣಾ ವ್ಯವಸ್ಥೆಯ ಮಾನದಂಡವಾದ ಐಎಸ್‌ಒ 14001ರ 2015ರ ಆವೃತ್ತಿಯಲ್ಲಿ ಇದು 8.2ನೇ ಕಲಂ.

ಕಾರ್ಮಿಕರ ಸುರಕ್ಷತೆಗೆ ಯೋಜನೆಯಿದ್ದರೆ ಇದೂ ಅದರಲ್ಲೇ ಬಂತು ಎಂದು ಹಲವರು ತಿಳಿಯುತ್ತಾರೆ. ಬರುವುದಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿಯೇನೋ ಆರಿತು. ಆದರೆ ಆರಿಸಲು ಹಾಯಿಸಿದ ನೀರೇ ಒಳಗಿದ್ದ ಕೀಟನಾಶಕವನ್ನು ಹೊತ್ತು ರೈನ್ ನದಿಗಿಳಿಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು.

ನಮ್ಮ ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. ಇಲ್ಲಿನ ಮುರಕಲ್ಲು ತೂತುತೂತು. ಮೇಲೆ ಬಿದ್ದದ್ದು ಬೇಗ ಒಳಗಿಳಿಯುತ್ತದೆ. ಬಾವಿಗೂ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೂ ಬರುವುದು ಅದೇ ನೀರು. ಗುಡ್ಡದ ಮೇಲೊಂದು ಡೀಸೆಲ್ ಟ್ಯಾಂಕ್ ಒಡೆದರೆ, ಮಳೆಗಾಲದಲ್ಲಿ ಅದು ತೋಡು ಹಿಡಿದು ಕೆಳಗಿನ ಅಡಿಕೆ ತೋಟ ಸೇರಲು ಹೊತ್ತು ಬೇಡ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಉಂಡ ಜಿಲ್ಲೆ ಇದು. ಹೆಲಿಕಾಪ್ಟರ್ ಸಿಂಪಡಣೆ 2000ದಲ್ಲಿ ನಿಂತ ಮೇಲೂ ಉಳಿದ ದಾಸ್ತಾನು ಗೋದಾಮುಗಳಲ್ಲಿ ತುಕ್ಕು ಹಿಡಿದ ಬ್ಯಾರೆಲುಗಳಲ್ಲೇ ಇತ್ತು; ಅದನ್ನು ಗಟ್ಟಿ ಡ್ರಮ್ಮುಗಳಿಗೆ ತುಂಬಿಸಿದ್ದು 2012ರಲ್ಲಿ. ಬಳಕೆ ನಿಂತಿತೆಂದು ಅಪಾಯ ನಿಲ್ಲುವುದಿಲ್ಲ. ಯೋಜನೆ ಬರೆಯುವವರು ಮೂಲೆಯಲ್ಲಿ ಬಿದ್ದ ಹಳೇ ಡಬ್ಬಗಳನ್ನೂ ಲೆಕ್ಕಕ್ಕೆ ತರಬೇಕು.

ಸಾಮಾನ್ಯ ಏರ್ಪಾಡು ಟ್ಯಾಂಕಿನ ಸುತ್ತ ಕಟ್ಟೆ. ಒಳಗಿರುವ ಅತಿ ದೊಡ್ಡ ಟ್ಯಾಂಕಿನಲ್ಲಿ ಎಷ್ಟು ಹಿಡಿಯುತ್ತದೋ ಅದಕ್ಕಿಂತ ಶೇ. 10 ಹೆಚ್ಚು ಹಿಡಿಯುವಂತೆ ಕಟ್ಟುವುದು ರೂಢಿ. ನಮ್ಮ ಆಟಿ ತಿಂಗಳಲ್ಲಿ ಮಳೆ ನೀರೇ ಅದರೊಳಗೆ ತುಂಬುತ್ತದೆ. ಅದನ್ನು ಬಿಡಲು ವಾಲ್ವ್ ತೆರೆದವರು ಮುಚ್ಚಲು ಮರೆತರೆ ಕಟ್ಟೆ ಇದ್ದೂ ಇಲ್ಲದಂತೆ. ಚರಂಡಿಯ ಬಾಯಿ ಮುಚ್ಚುವ ವ್ಯವಸ್ಥೆ, ಕೈಗೆಟಕುವಲ್ಲಿ ಒಣ ಮರಳು ಇವೂ ಬೇಕು.

ಯೋಜನೆಯನ್ನು ಆಗಾಗ ಪರೀಕ್ಷಿಸಿ, ಕಂಡ ಕೊರತೆ ತಿದ್ದಬೇಕೆನ್ನುತ್ತದೆ ಮಾನದಂಡ. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ನಿಯಮಗಳು ದೊಡ್ಡ ಪ್ರಮಾಣದಲ್ಲಿ ದಾಸ್ತಾನಿಡುವ ಕಾರ್ಖಾನೆಗಳಿಗೆ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಕಡ್ಡಾಯ ಮಾಡಿವೆ. ಅದರಲ್ಲೊಂದನ್ನು ಜಡಿಮಳೆಯಲ್ಲೇ ಮಾಡಬೇಕೆಂಬುದು ನನ್ನ ಅಭಿಪ್ರಾಯ. ವಾಲ್ವ್ ತಿರುಗುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಸೂಚನಾ ಫಲಕ ಮಲಯಾಳ, ಕನ್ನಡದ ಜೊತೆ ಹಿಂದಿಯಲ್ಲೂ ಇರಲಿ. ಗುತ್ತಿಗೆ ಕೆಲಸದವರಿಗೂ ತರಬೇತಿ ಸಿಗಲಿ. ತೋಡಿನ ಕೆಳಗಿನ ಮನೆಗಳ ಫೋನ್ ನಂಬರ್‌ಗಳು ಸೆಕ್ಯೂರಿಟಿಯವರ ಬಳಿಯೂ ಇರಲಿ. ರಾತ್ರಿ ಎರಡು ಗಂಟೆಗೆ ಸೋರಿದರೆ ‘ಬಾವಿಯ ಪಂಪ್ ಹಾಕಬೇಡಿ’ ಎಂದು ಆ ಮನೆಯವರಿಗೆ ಹೇಳಬೇಕಾದವರು ಸೆಕ್ಯೂರಿಟಿಯವರೇ.