ವರ್ಮೀರ್‌ಗಿಂತ ಮೊದಲೇ ಬಂದಿದ್ದ ವ್ರೆಲ್: ಓಕ್ ಹಲಗೆ ಕೊಟ್ಟ ಸಾಕ್ಷಿ

ಎತ್ತರದ ಬೋಳು ಗೋಡೆ. ಅದರಲ್ಲೊಂದು ದೊಡ್ಡ ಕಿಟಕಿ, ಕಿಟಕಿಯಾಚೆ ಬರೀ ಕತ್ತಲು. ಕುರ್ಚಿಯಲ್ಲಿ ಕೂತ ಹೆಂಗಸು ಎಷ್ಟು ಮುಂದಕ್ಕೆ ಬಾಗಿದ್ದಾಳೆಂದರೆ, ಕುರ್ಚಿಯ ಹಿಂಗಾಲುಗಳು ನೆಲ ಬಿಟ್ಟು ಮೇಲೆದ್ದಿವೆ. ಅವಳ ಮುಖ ನಮಗೆ ಸರಿಯಾಗಿ ಕಾಣುವುದಿಲ್ಲ. ಗಾಜಿನ ಆಚೆ, ಕತ್ತಲಲ್ಲಿ ಮಗುವೊಂದರ ಮುಖ ಮಸುಕಾಗಿ ಕಾಣುತ್ತದೆ. ಅದು ಇವಳನ್ನೇ ನೋಡುತ್ತಿದೆ. ಚಿತ್ರದಲ್ಲಿ ಇರುವುದು ಇಷ್ಟೇ.

ಪ್ಯಾರಿಸ್‌ನ ಫಾಂಡೇಶನ್ ಕಸ್ಟೋಡಿಯಾ ಸಂಗ್ರಹದಲ್ಲಿರುವ ಈ ಚಿತ್ರ ಬರೆದವನು ಯಾಕೋಬಸ್ ವ್ರೆಲ್, ಹದಿನೇಳನೇ ಶತಮಾನದ ಡಚ್ ಚಿತ್ರಕಾರ. ಅವನದೆಂದು ಗುರುತಿಸಿರುವ ಚಿತ್ರಗಳು ಐವತ್ತರ ಆಸುಪಾಸು. ಸಣ್ಣ ಊರಿನ ಬೀದಿ, ಬ್ರೆಡ್ ಅಂಗಡಿ, ಕಿಟಕಿ ಹತ್ತಿರದ ಹೆಂಗಸು, ಒಲೆ ಮುಂದಿನ ಕೆಲಸ, ಇಂಥವೇ ಅವನ ವಸ್ತು. ಆಗಿನ ಬೇರೆ ಚಿತ್ರಕಾರರು ಮನೆಯೊಳಗನ್ನು ಬರೆಯುವಾಗ ಬೆಲೆಬಾಳುವ ಜಮಖಾನೆ, ಭೂಪಟ, ಬೆಳ್ಳಿ ಪಾತ್ರೆ ತಂದಿಡುತ್ತಿದ್ದರು. ವ್ರೆಲ್‌ನ ಮನೆಗಳಲ್ಲಿ ಅವು ಇಲ್ಲ. ಗೋಡೆಯನ್ನು ಖಾಲಿ ಬಿಡುವ ಧೈರ್ಯ ಅವನಿಗಿತ್ತು. ನನಗೆ ಅವನು ಇಷ್ಟವಾಗುವುದೇ ಅದಕ್ಕೆ.

ಹುಟ್ಟಿದ್ದು ಎಲ್ಲಿ, ಕಲಿತದ್ದು ಯಾರ ಹತ್ತಿರ, ಯಾವ ದಾಖಲೆಯೂ ಸಿಕ್ಕಿಲ್ಲ. ಚಿತ್ರಕಾರರ ಸಂಘಗಳ ಪಟ್ಟಿಯಲ್ಲೂ ಅವನ ಹೆಸರಿಲ್ಲ. ಇದರಿಂದ ಅವನಿಗೆ ಒಂದು ಅನ್ಯಾಯವಾಯಿತು. 1860ರ ದಶಕದಲ್ಲಿ ಫ್ರೆಂಚ್ ವಿಮರ್ಶಕ ತೊರೆ-ಬ್ಯೂರ್ಗರ್, ಜನ ಮರೆತಿದ್ದ ಡಚ್ ಚಿತ್ರಕಾರ ಯೊಹಾನೆಸ್ ವರ್ಮೀರ್‌ನನ್ನು ಮತ್ತೆ ಬೆಳಕಿಗೆ ತಂದರು. ಆಗ ವ್ರೆಲ್‌ನ ಕೆಲವು ಚಿತ್ರಗಳನ್ನೂ ವರ್ಮೀರ್ ಲೆಕ್ಕಕ್ಕೆ ಸೇರಿಸಿಬಿಟ್ಟರು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇಬ್ಬರ ಹೆಸರಿನ ಮೊದಲಕ್ಷರಗಳೂ ಜೆ. ವಿ. ಅಲ್ವಾ! ಮುಂದೆ ಆ ತಪ್ಪು ಸರಿಹೋಯಿತು. ಆದರೆ ವ್ರೆಲ್ ಎಂದರೆ ವರ್ಮೀರ್ ಮತ್ತು ಅದೇ ಕಾಲದ ಇನ್ನೊಬ್ಬ ಡಚ್ ಚಿತ್ರಕಾರ ಪೀಟರ್ ಡಿ ಹೋಖ್ ಅವರನ್ನು ನೋಡಿ ಬರೆದವನು ಎಂಬ ಮಾತು ಉಳಿದುಕೊಂಡಿತು. ದಾಖಲೆಯೇ ಇಲ್ಲದಿದ್ದ ಮೇಲೆ ಅಲ್ಲ ಎನ್ನುವುದಾದರೂ ಹೇಗೆ?

ಸಾಕ್ಷಿ ಸಿಕ್ಕಿದ್ದು ಚಿತ್ರದ ಹಿಂದಿದ್ದ ಮರದಲ್ಲಿ. ವ್ರೆಲ್ ಹೆಚ್ಚಾಗಿ ಬರೆದದ್ದು ಓಕ್ ಹಲಗೆಗಳ ಮೇಲೆ. ಓಕ್ ಮರಕ್ಕೆ ವರ್ಷಕ್ಕೊಂದು ಉಂಗುರ ಕೂಡಿಕೊಳ್ಳುತ್ತದೆ. ಹವೆ ಹದವಾಗಿದ್ದ ವರ್ಷ ಉಂಗುರ ಅಗಲ, ಬರವೋ ವಿಪರೀತ ಚಳಿಯೋ ಬಂದ ವರ್ಷ ಕಿರಿದು. ಒಂದೇ ಸೀಮೆಯ ಮರಗಳೆಲ್ಲ ಒಂದೇ ಹವೆಯಲ್ಲಿ ಬೆಳೆದಿರುವುದರಿಂದ, ಅವುಗಳ ಅಗಲ-ಕಿರಿದಿನ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಈಗ ಬೆಳೆಯುತ್ತಿರುವ ಮರದಿಂದ ಶುರುಮಾಡಿ, ಹಳೇ ಕಟ್ಟಡಗಳ ತೊಲೆಗಳವರೆಗೆ ಒಂದಕ್ಕೊಂದು ಹೊಂದಿಸುತ್ತಾ ಹೋದರೆ ಶತಮಾನಗಳ ಪಟ್ಟಿ ಸಿದ್ಧವಾಗುತ್ತದೆ. ಈ ವಿದ್ಯೆಗೆ ಡೆಂಡ್ರೊಕ್ರೊನಾಲಜಿ ಎನ್ನುತ್ತಾರೆ. ಹಳೇ ಚಿತ್ರಗಳ ಹಲಗೆಗಳನ್ನು ಹೀಗೆ ಪರೀಕ್ಷಿಸುವುದರಲ್ಲಿ ಹ್ಯಾಂಬರ್ಗ್‌ನ ಪೀಟರ್ ಕ್ಲೈನ್ ದೊಡ್ಡ ಹೆಸರು.

ಪರೀಕ್ಷೆಗೆ ಚಿತ್ರವನ್ನು ಮುಟ್ಟಬೇಕಾಗಿಲ್ಲ. ಚೌಕಟ್ಟಿನಿಂದ ಹಲಗೆಯನ್ನು ಬಿಡಿಸಿ, ಅದರ ಅಂಚಿನಲ್ಲಿ ಕಾಣುವ ಉಂಗುರಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಅಳೆಯುತ್ತಾರೆ. ಒಂದು ಗೇಣು ಅಗಲದ ಹಲಗೆಯಲ್ಲೇ ನೂರಕ್ಕೂ ಜಾಸ್ತಿ ಉಂಗುರ ಸಿಗಬಹುದು. ಆಗಿನ ಡಚ್ ಚಿತ್ರಕಾರರು ಬಳಸುತ್ತಿದ್ದ ಓಕ್‌ನಲ್ಲಿ ಬಹುಪಾಲು ಬರುತ್ತಿದ್ದದ್ದು ಬಾಲ್ಟಿಕ್ ಸಮುದ್ರದ ಕಡೆಯಿಂದ. ಅಲ್ಲಿನ ಮರ ನಿಧಾನವಾಗಿ ಬೆಳೆಯುತ್ತದೆ, ಉಂಗುರಗಳು ಒತ್ತೊತ್ತಾಗಿರುತ್ತವೆ.

ಹಾಗಂತ ಹಲಗೆಯ ಕೊನೆಯ ಉಂಗುರವೇ ಮರ ಕಡಿದ ವರ್ಷ ಅಲ್ಲ. ತೊಗಟೆಯ ಒಳಗಿನ ಬಿಳಿ ಭಾಗಕ್ಕೆ ಬೇಗ ಹುಳ ಹಿಡಿಯುತ್ತದೆ. ಅದಕ್ಕೇ ಬಡಗಿ ಅದನ್ನು ಕೆತ್ತಿ ಹಾಕಿ ಬರೀ ಚೇಗನ್ನು ಉಳಿಸಿಕೊಳ್ಳುತ್ತಿದ್ದ. ಹೀಗೆ ಹೋದ ಉಂಗುರಗಳಿಗಾಗಿ ಒಂದಷ್ಟು ವರ್ಷ ಕೂಡಿಸಬೇಕು. ಮರ ಒಣಗಲು ಇನ್ನೂ ಕೆಲವು ವರ್ಷ. ಕೊನೆಗೆ ಸಿಗುವ ಉತ್ತರ ‘ಈ ವರ್ಷಕ್ಕಿಂತ ಮೊದಲು ಬರೆದಿರಲು ಸಾಧ್ಯವಿಲ್ಲ’ ಎಂಬುದು ಮಾತ್ರ. ಹಲಗೆ ಮೂಲೆಯಲ್ಲಿ ಸುಮ್ನೆ ಹತ್ತು ವರ್ಷ ಬಿದ್ದಿದ್ದರೆ ಅದು ಉಂಗುರಕ್ಕೆ ಗೊತ್ತಾಗುವುದಿಲ್ಲ.

ಒಂದು ಹಲಗೆ ಹಳೆಯದಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಆದರೆ ವ್ರೆಲ್‌ನ ಹಲಗೆಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದಾಗ, ವಿದ್ವಾಂಸರು ಅಂದುಕೊಂಡಿದ್ದಕ್ಕಿಂತ ಹಿಂದಿನ ಕಾಲವೇ ಮತ್ತೆ ಮತ್ತೆ ಬಂತು. 1650ಕ್ಕೂ ಮೊದಲೇ ಅವನು ಬೀದಿಗಳ ಚಿತ್ರ ಬರೆಯುತ್ತಿದ್ದ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ವರ್ಮೀರ್ ಹುಟ್ಟಿದ್ದೇ 1632ರಲ್ಲಿ. ತನ್ನೂರು ಡೆಲ್ಫ್ಟ್‌ನ ಚಿತ್ರಕಾರರ ಸಂಘ ಸೇರಿದ್ದು 1653ರ ಕೊನೆಗೆ. ಇನ್ನೂ ಬರೆಯದ ಚಿತ್ರಗಳನ್ನು ವ್ರೆಲ್ ನೋಡಿ ಬರೆಯುವುದು ಹೇಗೆ? 2023ರಲ್ಲಿ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಮ್ ವ್ರೆಲ್‌ನ ಚಿತ್ರಗಳ ಪ್ರದರ್ಶನ ಇಟ್ಟಾಗ, ಅವನನ್ನು ವರ್ಮೀರ್‌ಗಿಂತ ಮೊದಲು ಬಂದವನು ಎಂದೇ ಕರೆಯಿತು.

ಅವನ ಬೀದಿಗಳ ಗುಟ್ಟೂ ಸ್ವಲ್ಪ ಬಿಚ್ಚಿಕೊಂಡಿದೆ. ಡಚ್ ಊರೆಂದರೆ ನೆನಪಾಗುವ ಕಾಲುವೆಗಳು ಅಲ್ಲಿಲ್ಲ. ಹಳೇ ಕಟ್ಟಡಗಳನ್ನು ಬಲ್ಲವರು ಚಿತ್ರದ ಮನೆಗಳನ್ನೂ ಗೋಡೆಗಳನ್ನೂ ಹೋಲಿಸಿ ನೋಡಿ, ದೇಶದ ಪೂರ್ವದಲ್ಲಿರುವ ಜ್ವೊಲೆ ಊರಿನ ಕಡೆ ಬೆರಳು ತೋರಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮ್, ಡೆಲ್ಫ್ಟ್‌ಗಳಿಂದ ದೂರದ ಊರು.

ಅವನು ಬದುಕಿದ್ದಾಗಲೂ ಮೂಲೆಗುಂಪಾಗಿದ್ದ ಎಂದುಕೊಳ್ಳಬೇಡಿ. ಕಿಟಕಿಯಿಂದ ಹೊರಗೆ ಬಗ್ಗಿ ನೋಡುವ ಹೆಂಗಸಿನ ಚಿತ್ರವೊಂದು ವಿಯೆನ್ನಾದ ಮ್ಯೂಸಿಯಮ್‌ನಲ್ಲಿದೆ. ಅವನು ಇಸವಿ ಹಾಕಿರುವ ಒಂದೇ ಚಿತ್ರ ಅದು, 1654. ದೊಡ್ಡ ಸಂಗ್ರಾಹಕನಾಗಿದ್ದ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮ್ ತನ್ನ ಸಂಗ್ರಹಕ್ಕೆ 1659ರಲ್ಲಿ ಮಾಡಿಸಿದ ಪಟ್ಟಿಯಲ್ಲೇ ವ್ರೆಲ್‌ನ ಹೆಸರು ಬಂದಿದೆ.