ನೀಲಿ ಜೋಡಿಗೆ ಕಪ್ಪು ಮರಿ ಹುಟ್ಟಿದರೆ ತಳಿ ಕೆಟ್ಟಿದೆಯೇ?

ಪ್ರಶ್ನೆ: ವಿರಾಜಪೇಟೆ ಸಮೀಪದ ನಮ್ಮ ತೋಟದ ಮನೆಯಲ್ಲಿ ನೀಲಿ ಬಣ್ಣದ ಕೊಚಿನ್ ಬ್ಯಾಂಟಂ (ಪುಟ್ಟ ಗಾತ್ರದ ಅಲಂಕಾರಿಕ ಕೋಳಿ) ಜೋಡಿಯೊಂದನ್ನು ಸಾಕಿದ್ದೇವೆ. ಹುಟ್ಟಿದ 11 ಮರಿಗಳಲ್ಲಿ 5 ಮಾತ್ರ ನೀಲಿ. 4 ಕಪ್ಪು, 2 ಚುಕ್ಕೆಯ ಬಿಳಿ. ನಮಗೆ ಕಲಬೆರಕೆ ತಳಿ ಸಿಕ್ಕಿದೆಯೇ? ಇವನ್ನು ಪ್ರದರ್ಶನಕ್ಕೆ ಒಯ್ಯಬಹುದೇ?

ಉತ್ತರ: ಈ ಬಣ್ಣಗಳನ್ನು ನೋಡಿ ತಳಿ ಕಲಬೆರಕೆ ಎನ್ನಲಾಗದು. ಕೋಳಿಯ ನೀಲಿ ಎಂಬುದು ಕಪ್ಪನ್ನು ತೆಳುಗೊಳಿಸುವ ಒಂದು ಜೀನ್‌ನ ಫಲ. ಅದು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ ಗರಿ ನೀಲಿಬೂದಿಯಾಗುತ್ತದೆ, ಇಬ್ಬರಿಂದಲೂ ಬಂದರೆ ಮಾಸಲು ಬಿಳಿಯ ಮೇಲೆ ನೀಲಿ, ಕಪ್ಪು ಚುಕ್ಕೆಗಳಿರುವ ‘ಸ್ಪ್ಲ್ಯಾಶ್’ ಆಗುತ್ತದೆ, ಯಾರಿಂದಲೂ ಬಾರದಿದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಹೀಗಾಗಿ ನೀಲಿಗೆ ನೀಲಿ ಕೂಡಿಸಿದಾಗ ಸರಾಸರಿ ಅರ್ಧದಷ್ಟು ನೀಲಿ, ಕಾಲುಭಾಗ ಕಪ್ಪು, ಕಾಲುಭಾಗ ಸ್ಪ್ಲ್ಯಾಶ್ ಹುಟ್ಟುತ್ತವೆ. ನಿಮ್ಮ ಮರಿಗಳು ಈ ಲೆಕ್ಕಕ್ಕೆ ಹತ್ತಿರವೇ ಇವೆ. ಎಲ್ಲವೂ ನೀಲಿಯೇ ಬೇಕೆಂದಾದರೆ ಕಪ್ಪು ಹಾಗೂ ಸ್ಪ್ಲ್ಯಾಶ್ ಕೋಳಿಗಳನ್ನು ಕೂಡಿಸಬೇಕು. (ಎಲ್ಲ ಮರಿಗಳೂ ಒಂದೇ ತಿಳಿಬೂದಿ ಬಣ್ಣದಲ್ಲಿ ಹುಟ್ಟಿದ್ದರೆ ನಿಮ್ಮ ಜೋಡಿ ನೀಲಿಯಲ್ಲ, ಬೇರೊಂದು ಜೀನ್‌ನಿಂದ ಬರುವ ‘ಲ್ಯಾವೆಂಡರ್’ ಬಣ್ಣದ್ದು ಎಂದು ಸಂಶಯಪಡಬೇಕಾಗಿತ್ತು.)

ಪ್ರದರ್ಶನದಲ್ಲಿ ಆಕಾರವು ತಳಿಯನ್ನೂ ಬಣ್ಣವು ಆ ತಳಿಯೊಳಗಿನ ಬಗೆಯನ್ನೂ ಗುರುತಿಸುತ್ತದೆ. ಕಪ್ಪು ಮರಿಯನ್ನು ಕೆಟ್ಟ ನೀಲಿಯೆಂದಲ್ಲ, ಕಪ್ಪಿನ ಮಾನದಂಡದಂತೆಯೇ ಅಳೆಯುತ್ತಾರೆ: ಗರಿಯಲ್ಲಿ ಹಸಿರು ಹೊಳಪಿರಬೇಕು, ನೇರಳೆ ಛಾಯೆಯಾಗಲಿ ಬಿಳಿ ಗರಿಯಾಗಲಿ ಇಣುಕಬಾರದು. ನೀಲಿಯಲ್ಲಿ ಕೆಂಪು ಅಥವಾ ಹುಲ್ಲಿನ ಬಣ್ಣದ ಗರಿ ದೋಷ. 1874ರಲ್ಲಿ ಮೊದಲು ಪ್ರಕಟವಾಗಿ ಇಂದಿಗೂ ಪರಿಷ್ಕಾರಗೊಳ್ಳುತ್ತಿರುವ ಅಮೆರಿಕದ ಮಾನದಂಡವು ನೀಲಿ ಗರಿಯ ಅಂಚಿನಲ್ಲಿ ಗಾಢನೀಲಿಯ ಗೆರೆಯನ್ನು ಬಯಸುತ್ತದೆ. ಬ್ರಿಟನ್ನಿನವರು ಇದೇ ಕೋಳಿಯನ್ನು ‘ಪೆಕಿನ್’ ಎಂದು ಬೇರೆ ತಳಿಯಾಗಿಯೇ ಎಣಿಸುತ್ತಾರೆ. ಸ್ಪ್ಲ್ಯಾಶ್ ಬಣ್ಣಕ್ಕೆ ಪ್ರವೇಶವಿದೆಯೇ ಎಂಬುದೂ ತೀರ್ಪುಗಾರರು ಯಾವ ಮಾನದಂಡವನ್ನು ಹಿಡಿದಿದ್ದಾರೆ ಎಂಬುದನ್ನು ಅವಲಂಬಿಸುವುದರಿಂದ, ಹೆಸರು ನೋಂದಾಯಿಸುವ ಮೊದಲೇ ಆಯೋಜಕರನ್ನು ವಿಚಾರಿಸಿಕೊಳ್ಳಿ.

ಕೊಡಗಿನಲ್ಲಿ ಬಣ್ಣಕ್ಕಿಂತ ಹೆಚ್ಚು ಕಾಡುವುದು ಕೆಸರು ಎಂದು ನನ್ನ ಅಭಿಪ್ರಾಯ. ಕೊಚಿನ್‌ನ ಪಾದಗಳ ಮೇಲೂ ಗರಿಗಳಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅಂಗಳಕ್ಕೆ ಬಿಟ್ಟರೆ ಅವು ಕೆಸರು ಮೆತ್ತಿಕೊಂಡು ಮುರಿಯುತ್ತವೆ, ಮುರಿದ ಗರಿ ಮುಂದಿನ ಗರಿ ಉದುರುವ ಕಾಲದವರೆಗೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪ್ರದರ್ಶನಕ್ಕೆ ಆರಿಸಿದವುಗಳನ್ನು ನೆಲದಿಂದ ಎತ್ತರದ, ಗಾಳಿಯಾಡುವ ಗೂಡಿನಲ್ಲಿ ಇರಿಸಿ, ಹಾಸಿದ ಭತ್ತದ ಹೊಟ್ಟು ಒದ್ದೆಯಾದ ದಿನವೇ ಬದಲಿಸಿ. ಮಳೆ ನಿಂತ ಮೇಲೆ ಬಿಸಿಲಿನ ಕಾಟ: ಸದಾ ಬಿಸಿಲು ಬಿದ್ದರೆ ನೀಲಿ ಗರಿಗೆ ಕಂದು ಛಾಯೆ ಹತ್ತುತ್ತದೆ. ಕಾಫಿ ತೋಟದ ಮರಗಳ ನೆರಳು ಇಲ್ಲಿ ನಿಮ್ಮ ದೊಡ್ಡ ಅನುಕೂಲ.

ಬೇಡದ ಬಣ್ಣದ ಗರಿಯನ್ನು ಕಿತ್ತು ಅಥವಾ ಬಣ್ಣ ಹಚ್ಚಿ ಮರೆಮಾಚಲು ಹೋಗಬೇಡಿ, ಅದು ವಂಚನೆಯಾಗಿ ಕೋಳಿಯನ್ನು ಸ್ಪರ್ಧೆಯಿಂದಲೇ ಹೊರಗಿಡುತ್ತಾರೆ. ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು, ಸಾಬೂನು ಉಳಿಯದಂತೆ ಜಾಲಿಸಿ, ಪೂರ್ತಿ ಒಣಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಪ್ಪು ಮರಿಗಳನ್ನು ಮಾತ್ರ ಮಾರಿಬಿಡಬೇಡಿ. ತಲೆಮಾರುಗಟ್ಟಲೆ ನೀಲಿಗೆ ನೀಲಿಯನ್ನೇ ಕೂಡಿಸುತ್ತ ಹೋದರೆ ಬಣ್ಣ ಪೇಲವವಾಗುತ್ತದೆಂದು ಅನುಭವಸ್ಥರು ನಡುನಡುವೆ ಕಪ್ಪನ್ನು ಸೇರಿಸುತ್ತಾರೆ. ಆ 4ರಲ್ಲಿ ಮೈಕಟ್ಟು ದುಂಡಗಿರುವ, ಹಸಿರು ಹೊಳಪಿನ ಹೇಂಟೆಯೊಂದಿದ್ದರೆ ಮುಂದಿನ ವರ್ಷ ಅದಕ್ಕೆ ಬೇರೆ ರಕ್ತದ ನೀಲಿ ಹುಂಜವೊಂದನ್ನು ಹುಡುಕಿ.