ಪದವಿ ತರಗತಿಯ ಪ್ರಬಂಧ: ಬರೆಯುವ ಮುನ್ನ ಜೋಡಿಸಿಕೊಳ್ಳುವ ಕ್ರಮ

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳನ್ನು ನಾವೆಲ್ಲರೂ ಪ್ರೌಢಶಾಲೆಯಿಂದಲೇ ಬಲ್ಲೆವು. ಪದವಿ ತರಗತಿಯಲ್ಲಿಯೂ ಆ ಭಾಗಗಳು ಹಾಗೆಯೇ ಉಳಿಯುತ್ತವೆಯಾದರೂ ನಡುವಿನ ಭಾಗದ ಹೊಣೆ ಹೆಚ್ಚುತ್ತದೆ. ಗೊತ್ತಿರುವುದನ್ನೆಲ್ಲ ನೆನಪಿಗೆ ಬಂದ ಕ್ರಮದಲ್ಲಿ ತುಂಬಿದರೆ ಅದು ಮಾಹಿತಿಯ ಪಟ್ಟಿಯಾಗುತ್ತದೆ. ಒಂದು ವಾದವನ್ನು ಮುಂದಿಟ್ಟು, ಪ್ರತಿಯೊಂದು ಪ್ಯಾರಾವೂ ಅದಕ್ಕೆ ಆಧಾರ ಒದಗಿಸುವಂತೆ ಜೋಡಿಸಿದಾಗ ಪ್ರಬಂಧವಾಗುತ್ತದೆ.

ಮೊದಲು ಪ್ರಶ್ನೆಯ ಕೊನೆಯ ಪದವನ್ನು ನೋಡಬೇಕು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ನಮ್ಮ ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ) ಭಾಗಕ್ಕೆ ದೊರೆತ 371(ಜೆ) ವಿಧಿಯನ್ನು ‘ವಿವರಿಸಿ’ ಎಂದು ಕೇಳಿದ್ದರೆ, ಅಭಿವೃದ್ಧಿ ಮಂಡಳಿ, ಶಿಕ್ಷಣ ಹಾಗೂ ಉದ್ಯೋಗದಲ್ಲಿನ ಮೀಸಲಾತಿ ಎಂದು ಅದರ ಅವಕಾಶಗಳನ್ನು ಕ್ರಮವಾಗಿ ಹೇಳಿದರೆ ಸಾಕು. ಅದೇ ವಿಧಿಯಿಂದ ಎಷ್ಟರ ಮಟ್ಟಿಗೆ ಅನುಕೂಲವಾಗಿದೆ ಎಂಬುದನ್ನು ‘ಚರ್ಚಿಸಿ’ ಎಂದಿದ್ದರೆ, ಆ ಅವಕಾಶಗಳಿಗೆ ಒಂದೇ ಪ್ಯಾರಾ ಕೊಟ್ಟು, ಉಳಿದ ಜಾಗವನ್ನೆಲ್ಲ ಪರಿಣಾಮಗಳ ತೂಕಕ್ಕೆ ಮೀಸಲಿಡಬೇಕು. ಎರಡನೆಯ ಪ್ರಶ್ನೆಗೆ ಮೊದಲನೆಯದರ ಉತ್ತರ ಬರೆದವರು ಎಷ್ಟು ಪುಟ ತುಂಬಿದರೂ ಕೇಳಿದ್ದಕ್ಕೆ ಉತ್ತರಿಸಿದಂತಾಗುವುದಿಲ್ಲ.

ಮುಂದಿನ ಹೆಜ್ಜೆಯೇ ಕಠಿಣವಾದದ್ದು: ವಿಷಯವನ್ನು ವಾದವಾಗಿ ಮಾಡಿಕೊಳ್ಳುವುದು. ಲೋಹದ ಪಾತ್ರೆಗಳಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಸುಬಾದ ‘ಬಿದರಿ ಕಲೆ’ ಎಂಬುದು ಕೇವಲ ವಿಷಯ. ಅದರ ಬಗ್ಗೆ ಯಾರೂ ಹೌದು ಎನ್ನಲಾರರು, ಅಲ್ಲ ಎನ್ನಲಾರರು. ‘ಬಿದರಿ ಕಲೆ ಬೀದರಿನ ಮಣ್ಣು ಮತ್ತು ಕುಶಲಕರ್ಮಿಯ ಕೈಚಳಕ ಎರಡನ್ನೂ ಅವಲಂಬಿಸಿರುವುದರಿಂದ, ಅದರ ಉಳಿವಿಗೆ ಹೆಸರಿನ ರಕ್ಷಣೆಯೊಂದೇ ಸಾಲದು’ ಎಂದು ಬರೆದರೆ ಅದು ವಾದವಾಗುತ್ತದೆ, ಏಕೆಂದರೆ ಅದನ್ನು ಒಪ್ಪದವರೂ ಇರಬಹುದು ಮತ್ತು ಅವರಿಗೆ ನಾವು ಕಾರಣ ಕೊಡಬೇಕಾಗುತ್ತದೆ. ಈ ಒಂದು ವಾಕ್ಯ ಕೈಗೆ ಸಿಕ್ಕುವವರೆಗೆ ಪೀಠಿಕೆಯನ್ನು ಆರಂಭಿಸದಿರುವುದೇ ಒಳ್ಳೆಯದು.

ವಾದ ಸಿಕ್ಕ ಕೂಡಲೇ ಸಂಗ್ರಹಿಸಿದ ಸಂಗತಿಗಳು ತಾವಾಗಿಯೇ ಬೇರ್ಪಡುತ್ತವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹ, ಕೆತ್ತನೆ, ಬೆಳ್ಳಿ ತಂತಿಯ ಕೂರಿಸುವಿಕೆ, ಬೀದರ್ ಕೋಟೆಯ ಮಣ್ಣು ಇವು ಮೊದಲರ್ಧಕ್ಕೆ ಬೇಕು. 2006ರಲ್ಲಿ ದೊರೆತ ಭೌಗೋಳಿಕ ಸೂಚಿಕೆ, ಅಂದರೆ ಒಂದು ಊರಿನ ಉತ್ಪನ್ನದ ಹೆಸರನ್ನು ರಕ್ಷಿಸುವ ನೋಂದಣಿ, ಎರಡನೆಯ ಅರ್ಧಕ್ಕೆ ಬೇಕು. ಬೀದರಿನ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದ ಸಂಗತಿಯನ್ನು ಕೈಚಳಕದ ಪ್ಯಾರಾದಲ್ಲಿ ಸೇರಿಸಬಹುದು. ಆದರೆ ಬೀದರಿನಲ್ಲೇ ಇರುವ ಮಹಮೂದ್ ಗವಾನನ ಮದರಸಾ ಎಷ್ಟೇ ಭವ್ಯವಾಗಿದ್ದರೂ ಈ ಪ್ರಬಂಧದಲ್ಲಿ ಅದಕ್ಕೆ ಸ್ಥಳವಿಲ್ಲ. ಕಷ್ಟಪಟ್ಟು ಓದಿದ್ದನ್ನು ಬಿಟ್ಟುಕೊಡುವುದಕ್ಕೆ ಮನಸ್ಸು ಒಪ್ಪುವುದಿಲ್ಲವೆಂಬುದು ನಿಜ, ಆದರೂ ಬಿಡಲೇಬೇಕು.

ಪ್ಯಾರಾವೊಂದರ ಒಳರಚನೆಯನ್ನು ಹತ್ತಿರದಿಂದ ನೋಡೋಣ: ‘ಬಿದರಿಯ ಕಪ್ಪು ಬಣ್ಣ ಲೇಪನದಿಂದ ಬಂದದ್ದಲ್ಲ. ಬೆಳ್ಳಿ ಕೂರಿಸಿದ ಪಾತ್ರೆಯನ್ನು ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಮಿಶ್ರಣವನ್ನು ಅದಕ್ಕೆ ಸವರಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಹೀಗಾಗಿ ಈ ಕಲೆಯ ಗುರುತಾದ ಕಪ್ಪು-ಬಿಳಿಯ ವ್ಯತ್ಯಾಸವೇ ಸ್ಥಳೀಯ ಮಣ್ಣಿನೊಂದಿಗೆ ಕೂಡಿಕೊಂಡಿದೆ.’ ಇಲ್ಲಿ ಮೊದಲ ವಾಕ್ಯ ಒಂದು ಮಾತನ್ನು ಮುಂದಿಡುತ್ತದೆ, ಎರಡನೆಯದು ಅದಕ್ಕೆ ಸಂಗತಿಯ ಆಧಾರ ಕೊಡುತ್ತದೆ, ಮೂರನೆಯದು ಆ ಸಂಗತಿಯನ್ನು ಮೂಲವಾದಕ್ಕೆ ಜೋಡಿಸುತ್ತದೆ. ನಮ್ಮಲ್ಲಿ ಬಹುಪಾಲು ಮಂದಿ ಬರೆಯದೆ ಬಿಡುವುದು ಈ ಮೂರನೆಯ ವಾಕ್ಯವನ್ನೇ, ಏಕೆಂದರೆ ನಮಗೆ ಸ್ಪಷ್ಟವಾಗಿರುವ ಸಂಬಂಧ ಓದುವವರಿಗೂ ಸ್ಪಷ್ಟವಾಗಿದೆಯೆಂದು ಭಾವಿಸಿಬಿಡುತ್ತೇವೆ.

ಪ್ಯಾರಾಗಳ ಕ್ರಮಕ್ಕೆ ಒಂದೇ ನಿಯಮವಿಲ್ಲ. ಇತಿಹಾಸದ ವಿಷಯಕ್ಕೆ ಕಾಲಾನುಕ್ರಮ ಸಹಜವಾದರೂ ವಾದಪ್ರಧಾನವಾದ ಪ್ರಬಂಧದಲ್ಲಿ ಒಂದರ ತೀರ್ಮಾನ ಮುಂದಿನದಕ್ಕೆ ಪ್ರಶ್ನೆಯಾಗುವಂತೆ ಸಾಗುವುದು ಮೇಲು. ಮಣ್ಣಿನ ಪ್ಯಾರಾ ಮುಗಿದಾಗ ‘ಮಣ್ಣೊಂದಿದ್ದರೆ ಸಾಕೇ?’ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿಂದ ಕೈಚಳಕಕ್ಕೆ, ಕೈಚಳಕದಿಂದ ಅದನ್ನು ಕಲಿಯುವವರ ಜೀವನೋಪಾಯಕ್ಕೆ ದಾರಿ ತೆರೆಯುತ್ತದೆ. ಭೌಗೋಳಿಕ ಸೂಚಿಕೆಯೇ ಸಾಕಲ್ಲವೇ ಎಂಬ ಆಕ್ಷೇಪವನ್ನು ಕೊನೆಗೆ ಎತ್ತಿಕೊಂಡು, ಅದು ಹೆಸರಿನ ದುರ್ಬಳಕೆಯನ್ನು ತಡೆಯಲು ನೆರವಾಗುತ್ತದೆಯೇ ಹೊರತು ಹೊಸಬರಿಗೆ ಕಸುಬು ಕಲಿಸುವುದಿಲ್ಲ ಎಂದು ಉತ್ತರಿಸಬಹುದು. ಹೀಗೆ ಸಾಗಿದಾಗ ‘ಅಲ್ಲದೆ’, ‘ಅಷ್ಟೇ ಅಲ್ಲ’, ‘ಮತ್ತೊಂದು ವಿಷಯವೆಂದರೆ’ ಎಂಬ ಸವಕಲು ಕೊಂಡಿಗಳ ಅಗತ್ಯ ತೀರಾ ಕಡಿಮೆಯಾಗುತ್ತದೆ.

ಪೀಠಿಕೆಯನ್ನು ಕಡೆಯಲ್ಲಿ ಬರೆಯುವುದು ಸುಲಭ. ‘ಭಾರತವು ಕಲೆಗಳ ತವರೂರು’ ಎಂಬ ಆರಂಭ ಯಾವ ಪ್ರಬಂಧಕ್ಕಾದರೂ ಹೊಂದುತ್ತದೆ. ಆ ಕಾರಣಕ್ಕೇ ಅದನ್ನು ಬಿಡಬೇಕು. ವಿಷಯದ ಪರಿಚಯಕ್ಕೆ ಎರಡು ವಾಕ್ಯ, ನಂತರ ವಾದ, ಅಷ್ಟು ಸಾಕು. ಉಪಸಂಹಾರದಲ್ಲಿ ಹೊಸ ಸಂಗತಿಯನ್ನು ತರಬಾರದು, ಪೀಠಿಕೆಯ ವಾಕ್ಯವನ್ನು ನಕಲು ಮಾಡಲೂಬಾರದು. ವಾದವನ್ನು ಒಪ್ಪಿದರೆ ಮುಂದೇನು ಎಂಬುದನ್ನು ಹೇಳಬೇಕು. ಪರೀಕ್ಷಾ ಕೊಠಡಿಯಲ್ಲಿ ಇಷ್ಟಕ್ಕೆಲ್ಲ ಬಿಡುವಿಲ್ಲವೆನಿಸಿದರೆ, ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ವಾದದ ವಾಕ್ಯವನ್ನೂ ಪ್ರತಿ ಪ್ಯಾರಾಕ್ಕೆ ಒಂದೊಂದು ಸಾಲನ್ನೂ ಕಚ್ಚಾ ಕೆಲಸವೆಂದು ಬರೆದುಕೊಂಡು, ಮುಗಿದ ಮೇಲೆ ಅಡ್ಡಗೆರೆ ಎಳೆಯಬಹುದು.